ಉದ್ಭವಿಸುವುದಿಲ್ಲ

ಹೂಲಿಯ ಮಲಕಾಜಪ್ಪನಿಗೆ ದೇವರು ಎರಡು ವರ ಕೊಟ್ಟಿದ್ದ. ಒಂದು ಮುತ್ತಿನಂಥ ಅಕ್ಷರ, ಇನ್ನೊಂದು ಆ ಅಕ್ಷರದ ಮೇಲೆ ಮಿತಿಯಿಲ್ಲದ ಅಭಿಮಾನ. ಸವದತ್ತಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ದ್ವಿತೀಯ ದರ್ಜೆ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದು ಬೇಡ. ಹೇಳಿದರೆ ಉಳಿದ ಕಚೇರಿಗಳವರು ತಾವೇ ಸಾಚಾ ಎಂದು ಎದೆಯುಬ್ಬಿಸಿಯಾರು. ಇಪ್ಪತ್ತೈದು ವರ್ಷ ಟಿಪ್ಪಣಿ ಬರೆದೂ ಬರೆದೂ ಅವನಿಗೆ ಮನೆಯಲ್ಲಿಯೂ ಕಚೇರಿಯ ಕನ್ನಡವೇ ಬಾಯಿಗೆ ಬರುತ್ತಿತ್ತು. ಹೆಂಡತಿ ಇಂದ್ರವ್ವ ಪುಂಡಿಪಲ್ಯಕ್ಕೆ ಉಪ್ಪು ಮರೆತರೆ, "ಸದರಿ ಪಲ್ಯದಾಗ ಉಪ್ಪಿನ ಕೊರತಿ ಕಂಡುಬಂದೈತಿ" ಎನ್ನುತ್ತಿದ್ದ. "ಮ್ಯಾಲಿನಿಂದ ಮಂಜೂರಾಗಿ ಬರ್ಲಿ, ಹಾಕತೇನಿ" ಎಂದು ಆಕೆ ಒಲೆಯ ಮುಂದೆಯೇ ಕುಳಿತು ಉತ್ತರಿಸುತ್ತಿದ್ದಳು.

ಈ ಅಕ್ಷರವೇ ಅವನನ್ನು ಬೈಲಹೊಂಗಲದ ದುಡಿಮೆ ಸಂಘಕ್ಕೆ ಎಳೆದುಕೊಂಡು ಹೋಯಿತು. ಸಂಘ ಕಟ್ಟಿದವರು ಸಾವಿತ್ರೆವ್ವ, ನಿವೃತ್ತ ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಕಾಲು ಸೋತವರು, ಕಣ್ಣು ಕಾಣದವರು, ಕಿವಿ ಕೇಳದವರು ಯಾರ ಮುಂದೆಯೂ ಕೈಯೊಡ್ಡಬಾರದು, ದುಡಿದು ಉಣ್ಣಬೇಕು, ದುಡಿಯುವ ಜಾಗವನ್ನು ಸರ್ಕಾರ ಬಿಟ್ಟುಕೊಡಬೇಕು ಎನ್ನುವುದು ಅವರ ಹಟ. ತೊಂಬತ್ತೈದರಲ್ಲಿ ದಿಲ್ಲಿಯ ಕಾಯ್ದೆಯೂ ಆಗಿತ್ತು, ನೂರು ಹುದ್ದೆಗೆ ಮೂರು ಅಂಗವಿಕಲರಿಗೆ ಎಂದು. ಕಾಯ್ದೆ ಬಂತು, ಹುದ್ದೆ ಬರಲಿಲ್ಲ. ಅದನ್ನು ಕೇಳಿ ಕೇಳಿ ಶಾಸಕರ ಮನೆಯ ಕಟ್ಟೆ ಸವೆಸುವುದೇ ಸಂಘದ ಕೆಲಸವಾಗಿತ್ತು. ಮಲಕಾಜಪ್ಪ ತಿಂಗಳ ಎರಡನೆಯ ರವಿವಾರ ಬಸ್ಸು ಹತ್ತಿ ಹೋಗಿ ಮನವಿಗಳನ್ನು ಬರೆದುಕೊಡುತ್ತಿದ್ದ. ಒಂದು ಪೈಸೆ ಮುಟ್ಟುತ್ತಿರಲಿಲ್ಲ, ಅದು ನಿಜ. ಆದರೆ "ಕಾಯ್ದೆ ಗೊತ್ತಿದ್ದವರು ಬಂದ್ರು, ಸರೀರಿ" ಎಂದು ಜನ ಕುರ್ಚಿ ಬಿಟ್ಟುಕೊಡುತ್ತಿದ್ದರಲ್ಲ, ಅದು ಅವನಿಗೆ ಹೋಳಿಗೆಗಿಂತ ರುಚಿಸುತ್ತಿತ್ತು.

ಅವನ ಕಚೇರಿಯಲ್ಲಿಯೇ ಬೆರಳಚ್ಚುಗಾರರ ಹುದ್ದೆಯೊಂದು ಖಾಲಿ ಬಿದ್ದಿತ್ತು, ಅದೂ ಅಂಗವಿಕಲರಿಗೆ ಮೀಸಲಾದದ್ದು. ತೊಂಬತ್ತೇಳರ ಬೇಸಿಗೆಯಲ್ಲಿ ಸಂಘದವರು ಏಳು ಜನರ ಅರ್ಜಿ ತುಂಬಿಸಿದರು. ಅವನ್ನು ಒಟ್ಟುಮಾಡಿ ಕಚೇರಿಗೆ ತಂದವಳು ಆ ಏಳರಲ್ಲಿ ಒಬ್ಬಳಾದ ನೀಲಾ. ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು, ಪೋಲಿಯೋದಿಂದ ಬಲಗಾಲು ಸಣ್ಣಗಾಗಿತ್ತು, ಬಗಲಲ್ಲಿ ಕೋಲು. ಸವದತ್ತಿಯ ದೊಡ್ಡವ್ವನ ಮನೆಯಲ್ಲಿದ್ದು, ಬಸ್ ನಿಲ್ದಾಣದ ಹತ್ತಿರ ಪರಪ್ಪನ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆರಳಚ್ಚುಗಾರರಿಲ್ಲದ ಕಚೇರಿಯ ಕಾಗದಗಳೆಲ್ಲ ಆ ಅಂಗಡಿಗೇ ಹೋಗುತ್ತಿದ್ದವು. ಎಂದರೆ ಆ ಹುದ್ದೆಯ ಕೆಲಸವನ್ನು ಆಕೆ ಆಗಲೇ ಮಾಡುತ್ತಿದ್ದಳು, ಹುದ್ದೆಯೊಂದೇ ಆಕೆಯದಾಗಿರಲಿಲ್ಲ.

"ಅಣ್ಣಾರ, ಇವು ಮುಟ್ಟಿದ್ದಕ್ಕ ಒಂದು ಸ್ವೀಕೃತಿ ಬರದ ಕೊಡ್ರಿ" ಎಂದಳು ನೀಲಾ.

"ಏ ತಂಗಿ, ನಾ ಏನ್ ಹೊರಗಿನಂವೇನು? ನನ್ನ ಕೈಯಾಗ ಕೊಟ್ಟೀಯಂದ್ರ ಆತು" ಎಂದು ಮಲಕಾಜಪ್ಪ ನಕ್ಕ.

ಕಚೇರಿಗೆ ಬಂದ ಕಾಗದವನ್ನು ಆವಕ ವಹಿಯಲ್ಲಿ ದಾಖಲಿಸದಿದ್ದರೆ ಆ ಕಾಗದ ಬಂದೇ ಇಲ್ಲ ಎಂದು ಅರ್ಥ. ಅವನು ವಹಿ ತೆರೆಯುವ ಮೊದಲೇ ಕಚೇರಿಯ ಸಾಹೇಬರು, "ಸದ್ಯ ಅವನ್ನ ಆವಕಕ್ಕ ಹಚ್ಚಬ್ಯಾಡ್ರಿ" ಎಂದರು. ಯಾಕೆಂದು ಇವನು ಕೇಳಲಿಲ್ಲ. ಕೇಳುವ ಚಾಳಿ ಅವನಿಗೆ ಕಾಗದದ ಮೇಲೆ ಮಾತ್ರ ಇತ್ತು. ಏಳು ಅರ್ಜಿಗಳು ಅವನ ಕಪಾಟಿನ ಕೆಳಗಿನ ಖಣ ಸೇರಿದವು. ನೀಲಾ ಸಿಕ್ಕಾಗಲೆಲ್ಲ "ವಿಚಾರದಾಗ ಐತವ್ವ" ಎನ್ನುತ್ತ ಒಂದೂವರೆ ವರ್ಷ ಕಳೆದ.

ತೊಂಬತ್ತೆಂಟರ ಕೊನೆಯಲ್ಲಿ ಸಾವಿತ್ರೆವ್ವನವರಿಗೆ ಶಾಸಕರೊಬ್ಬರು ಒಲಿದರು. ನೀವು ಪ್ರಶ್ನೆ ಬರೆದು ಕೊಡಿ, ವಿಧಾನಸಭೆಯಲ್ಲಿ ಕೇಳುತ್ತೇನೆ ಎಂದು ಮಾತು ಕೊಟ್ಟರು. ಬರೆಯುವುದು ಯಾರು? ಮಲಕಾಜಪ್ಪನೇ. ಅವನಿಗೂ ಒಳಗೊಳಗೇ ಸಮಾಧಾನವಾಯಿತು. ಸಾಹೇಬರ ಮುಂದೆ ತನ್ನ ಬಾಯಿಂದ ಹೊರಡದ ಮಾತನ್ನು ವಿಧಾನಸಭೆಯೇ ಆಡಿಬಿಟ್ಟರೆ ತನ್ನ ಭಾರ ಇಳಿಯುತ್ತದೆ, ಸಾಹೇಬರು ತಾವಾಗಿಯೇ ಅರ್ಜಿಗಳನ್ನು ಹೊರಗೆ ತೆಗೆಸುತ್ತಾರೆ ಎಂದು ಲೆಕ್ಕ ಹಾಕಿದ.

"ಯಾಕ ಕೆಲಸ ಕೊಟ್ಟಿಲ್ಲ ಅಂತ ಕೇಳ್ರಿ. ಅಷ್ಟ ಸಾಕು" ಎಂದರು ಸಾವಿತ್ರೆವ್ವ.

"ಹಂಗ ಕೇಳಬಾರದ್ರಿ ಅಕ್ಕೋರ. ಸದನಕ್ಕ ಒಂದು ಭಾಷಾ ಐತಿ" ಎಂದು ಮಲಕಾಜಪ್ಪ ಪೆನ್ನಿನ ಟೊಪ್ಪಿಗೆ ತೆಗೆದ. ಸವದತ್ತಿ ತಾಲೂಕಿನ ಕಚೇರಿಗಳಲ್ಲಿ ಅಂಗವಿಕಲರಿಗೆ ಮೀಸಲಾದ ಹುದ್ದೆಗಳು ಖಾಲಿ ಇವೆಯೇ. ಸದರಿ ಹುದ್ದೆಗಳಿಗೆ ಅರ್ಜಿಗಳು ಸ್ವೀಕೃತವಾಗಿವೆಯೇ. ಹಾಗಿದ್ದಲ್ಲಿ, ನೇಮಕಾತಿಯ ವಿಳಂಬಕ್ಕೆ ಕಾರಣವೇನು? ಆ 'ಹಾಗಿದ್ದಲ್ಲಿ' ಎಂಬ ಶಬ್ದವನ್ನು ಅವನು ಎರಡು ಸಲ ಗಟ್ಟಿಯಾಗಿ ಓದಿ ತೋರಿಸಿದ. ಸಂಪಗಾಂವದ ಕಾಡಪ್ಪ, ಕಣ್ಣು ಕಾಣದವನು, ಕುರ್ಚಿಗೆ ಬೆತ್ತ ಹೆಣೆಯುವವನು, "ಭಾಳ ವಜನ್ ಐತ್ರಿ ಈ ಮಾತಿಗೆ" ಎಂದು ತಲೆದೂಗಿದ.

ಮುಂದಿನ ತಿಂಗಳು ಆ ಪ್ರಶ್ನೆ ಬೆಂಗಳೂರಿಗೆ ಹೋಗಿ, ಬೆಳಗಾವಿಗೆ ಇಳಿದು, ಒಂದು ಮಂಗಳವಾರ ಮಧ್ಯಾಹ್ನ ಫ್ಯಾಕ್ಸಿನಲ್ಲಿ ಸವದತ್ತಿಗೆ ಬಂತು. ನಾಲ್ಕು ಗಂಟೆಯೊಳಗೆ ಬೆರಳಚ್ಚು ಮಾಡಿದ ಉತ್ತರ ಬೇಕು ಎಂದು ಮೇಲಿನಿಂದ ಫೋನೂ ಬಂತು. ಮಲಕಾಜಪ್ಪ ಕಾಗದ ಬಿಡಿಸಿ ನೋಡಿದರೆ ತನ್ನದೇ ವಾಕ್ಯ, ತನ್ನದೇ ಅಲ್ಪವಿರಾಮ. ಕ್ಷಣ ಹೊತ್ತು ಹೆಮ್ಮೆಯಾಯಿತು. ಉತ್ತರ ಬರೆಯಬೇಕಾದವನೂ ತಾನೇ ಎಂಬುದು ಆಮೇಲೆ ಹೊಳೆಯಿತು.

ಸಾಹೇಬರು ಬಾಗಿಲು ಮುಂದೆ ಮಾಡಿ ಕೇಳಿದರು. "ಆ ಅರ್ಜಿ ಆವಕಕ್ಕ ಹಚ್ಚೀರೇನು?"

"ಇಲ್ರಿ. ನೀವ ಬ್ಯಾಡ ಅಂದಿದ್ರಿ."

"ನಾ ಅಂದದ್ದು ಎಲ್ಲಿಯರ ಬರದೈತೇನು?" ಸಾಹೇಬರು ದನಿ ಏರಿಸಲಿಲ್ಲ. "ಬಂದಾವು ಅಂತ ಬರದ್ರ, ಒಂದೂವರಿ ವರ್ಷ ಯಾರ ಕಪಾಟಿನಾಗ ಇದ್ದವು ಅಂತ ಕೇಳ್ತಾರ. ನಿಮ್ಮ ಬಡ್ತಿ ಕಡತ ಬೆಳಗಾವ್ಯಾಗ ಕುಂತೈತಿ. ನಾ ಏನೂ ಹೇಳೂದಿಲ್ಲ, ಮಲಕಾಜಪ್ಪ. ನೀವು ಕಾಯ್ದೆ ತಿಳಿದವರು."

ಆ ಮಾತು ಬೇರೆ ಕಡೆ ಕುರ್ಚಿ ಕೊಡಿಸುತ್ತಿತ್ತು, ಇಲ್ಲಿ ಇದ್ದ ಕುರ್ಚಿಯನ್ನು ಅಲುಗಾಡಿಸಿತು. ಮಲಕಾಜಪ್ಪ ತನ್ನ ಮೇಜಿಗೆ ಬಂದು ಬರೆದ. ಹುದ್ದೆ: ಒಂದು ಖಾಲಿ ಇದೆ. ಅರ್ಜಿಗಳು: ಯಾವುದೇ ಅರ್ಜಿ ಸ್ವೀಕೃತವಾಗಿರುವುದಿಲ್ಲ. ಮೂರನೆಯದಕ್ಕೆ ಒಂದೇ ಶಬ್ದ ಸಾಕಾಯಿತು: ಉದ್ಭವಿಸುವುದಿಲ್ಲ. ಅರ್ಜಿಯೇ ಇಲ್ಲದ ಮೇಲೆ ವಿಳಂಬದ ಮಾತೇ ಹುಟ್ಟುವುದಿಲ್ಲವಲ್ಲ. ತಾನು ಶೋಕಿಗೆಂದು ಇಟ್ಟ 'ಹಾಗಿದ್ದಲ್ಲಿ' ಎಂಬ ಬಾಗಿಲಿನಿಂದಲೇ ಸರ್ಕಾರ ಹೊರಗೆ ನಡೆಯಿತು. ಅಕ್ಕೋರು ಹೇಳಿದಂತೆ ಯಾಕೆ ಕೆಲಸ ಕೊಟ್ಟಿಲ್ಲ ಎಂದು ನೆಟ್ಟಗೆ ಕೇಳಿದ್ದರೆ ಏನಾದರೂ ಕಾರಣ ಬರೆಯಲೇಬೇಕಾಗುತ್ತಿತ್ತು.

ಟೈಪಿಂಗ್ ಅಂಗಡಿಯಲ್ಲಿ ಪರಪ್ಪನೇ ಇರಲಿ ದೇವರೇ ಎಂದುಕೊಳ್ಳುತ್ತ ಹೋದ. ಪರಪ್ಪ ಊಟಕ್ಕೆ ಹೋಗಿದ್ದ. ನೀಲಾ ಯಂತ್ರದ ಮುಂದೆ ಕುಳಿತಿದ್ದಳು, ಕೋಲು ಗೋಡೆಗೆ ಒರಗಿತ್ತು. ಗಡಿಯಾರದಲ್ಲಿ ಮೂರೂ ಹತ್ತು. ತಿರುಗಿ ಹೋಗಲು ಹೊತ್ತಿರಲಿಲ್ಲ. ಇದ್ದಿದ್ದರೆ ಹೋಗುತ್ತಿದ್ದನೆ? ಆ ಪ್ರಶ್ನೆಯನ್ನು ಆಮೇಲೆ ಎಷ್ಟೋ ಸಲ ಕೇಳಿಕೊಂಡ, ಹೌದು ಎನ್ನಲು ಒಮ್ಮೆಯೂ ಧೈರ್ಯವಾಗಲಿಲ್ಲ.

"ಎಷ್ಟ ಪ್ರತಿರಿ ಅಣ್ಣಾರ?"

"ನಾಕು."

ಆಕೆ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಸುರುಳಿಗೆ ಏರಿಸಿದಳು. ಮೊದಲನೆಯ ಸಾಲು ಸಲೀಸಾಗಿ ಹೋಯಿತು. ಎರಡನೆಯ ಸಾಲಿಗೆ ಬಂದಾಗ ಬೆರಳು ನಿಂತವು. ಆಕೆ ಕರಡನ್ನು ಹತ್ತಿರ ಎಳೆದುಕೊಂಡು ಓದಿದಳು, ಮತ್ತೊಮ್ಮೆ ಓದಿದಳು. ಮಲಕಾಜಪ್ಪ ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಿಂತ. ಬೈಯಲಿ, ಅಳಲಿ, ಕಾಗದ ಹರಿದು ಒಗೆಯಲಿ, ಏನಾದರೂ ಆಗಲಿ ಎಂದು ಬೇಡಿಕೊಂಡ. ಏನೂ ಆಗಲಿಲ್ಲ. ಯಂತ್ರ ಮತ್ತೆ ಸದ್ದು ಮಾಡಿತು. ಯಾವುದೇ ಅರ್ಜಿ ಸ್ವೀಕೃತವಾಗಿರುವುದಿಲ್ಲ ಎಂದು, ಅರ್ಜಿ ತಂದುಕೊಟ್ಟ ಕೈಗಳೇ ಒಂದೂ ತಪ್ಪಿಲ್ಲದೆ ಹೊಡೆದವು.

ಕೊನೆಯ ಶಬ್ದಕ್ಕೆ ಆಕೆ ತಲೆ ಎತ್ತದೆ ಕೇಳಿದಳು. "ಇದು ದಕ್ಕ ದೊಡ್ಡ ಭ ಒತ್ತೇನ್ರಿ, ಸಣ್ಣ ಬ?"

"ದೊಡ್ಡ ಭ" ಎಂದ ಮಲಕಾಜಪ್ಪ. ಅವನ ಜನ್ಮದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಆದರೂ ನಾಲ್ಕಕ್ಕೆ ಐದು ನಿಮಿಷ ಇರುವಾಗ ಉತ್ತರ ಫ್ಯಾಕ್ಸಾಯಿತು.

ಅಚ್ಚಾದ ಉತ್ತರವನ್ನು ಸಾವಿತ್ರೆವ್ವ ಮುಂದಿನ ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಿದರು. ಅವರ ಮುಖ ಸಪ್ಪಗಾಗಿತ್ತು. "ಅರ್ಜಿ ಮುಟ್ಟಿಲ್ಲಂತ, ಮ್ಯಾಲಿನವರ ಯಾರೋ ನುಂಗ್ಯಾರ. ಈ ಕಡೀ ಶಬ್ದದ ಅರ್ಥ ಏನ್ರಿ ಮಲಕಾಜಪ್ಪನವರ?"

"ಆ ಪ್ರಶ್ನೇನ ಹುಟ್ಟೂದಿಲ್ಲ ಅಂತ್ರಿ."

ಕಾಡಪ್ಪ ಬೆತ್ತದ ತುಂಡನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತಿದ್ದ. "ಉದ್ಭವ ಅಂದ್ರ ಉದ್ಭವ ಲಿಂಗ ಅಂತೀವಲ್ಲ, ಅದ ಅಲ್ಲೇನ್ರಿ? ಯಾರೂ ಕಟೀದ, ನೆಲದಾಗಿಂದ ತಾನ ಮೂಡಿದ್ದು. ಹಂಗಾರ ನಾವು ಭೂಮಿ ಮ್ಯಾಲ ಮೂಡೇ ಇಲ್ಲ ಅಂತ ಬರದ ಕಳಿಸ್ಯಾರ."

ಎಲ್ಲರೂ ನಕ್ಕರು. ಮಲಕಾಜಪ್ಪ ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿದ. ನೀಲಾ ಮೂಲೆಯಲ್ಲಿ ಕುಳಿತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವನ ಕಿವಿ ಕಾದವು. ಆಕೆ ಹೇಳದಿದ್ದರೆ ತಾನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಸಾವಿತ್ರೆವ್ವ ಹೊಸ ಹಾಳೆ ತೆಗೆದು, ಇನ್ನೊಮ್ಮೆ ಪ್ರಶ್ನೆ ಬರೆಯಿರಿ ಎಂದು ಅದನ್ನು ಅವನ ಮುಂದೆಯೇ ಇಟ್ಟರು. ನಂಬಿಕೆ ಒಂದು ಎಳೆಯೂ ಕಡಿಮೆಯಾಗಿರಲಿಲ್ಲ.

ಆಗ ನೀಲಾ ಬಾಯಿ ಬಿಟ್ಟಳು. "ಅಣ್ಣಾರ, ಈ ಸಲ 'ಹಾಗಿದ್ದಲ್ಲಿ' ಬ್ಯಾಡ್ರಿ."

ಅಷ್ಟೇ. ಉಳಿದವರಿಗೆ ಅದು ಶಬ್ದದ ಮಾತಾಗಿ ಕೇಳಿಸಿತು.

ಎರಡನೆಯ ಪ್ರಶ್ನೆ ಸದನಕ್ಕೆ ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಗಿತ್ತು, ಮಲಕಾಜಪ್ಪನಿಗೆ ಬಡ್ತಿಯಾಗಿತ್ತು. ಸಂಘದವರು ಹೊಸದಾಗಿ ತುಂಬಿ ತಂದ ಏಳು ಅರ್ಜಿಗಳನ್ನು ಅವನು ಅದೇ ದಿನ ಆವಕ ವಹಿಗೆ ಹಚ್ಚಿ, ಏಳೂ ಜನರಿಗೆ ಸ್ವೀಕೃತಿ ಬರೆದುಕೊಟ್ಟ. ಹುದ್ದೆ ಕಿತ್ತೂರಿನ ಮಹಾದೇವನಿಗೆ ಸಿಕ್ಕಿತು, ಕಿವಿ ಕೇಳದವನು, ಒಳ್ಳೆಯ ಕೆಲಸಗಾರ. ನೀಲಾಳ ಗುಣಾಂಕ ಅವನಿಗಿಂತ ಹೆಚ್ಚಿತ್ತು. ಆದರೆ ವಯೋಮಿತಿ ಏಳು ತಿಂಗಳು ಮೀರಿತ್ತು. ಮೊದಲ ಅರ್ಜಿ ದಾಖಲಾಗಿದ್ದರೆ ಮೀರುತ್ತಿರಲಿಲ್ಲ. ಆಕೆಯ ಅರ್ಜಿಯ ಮೂಲೆಯಲ್ಲಿ 'ವಯೋಮಿತಿ ಮೀರಿದೆ, ತಿರಸ್ಕರಿಸಬಹುದು' ಎಂದು ಷರಾ ಬರೆಯುವ ಕೆಲಸವೂ ಮಲಕಾಜಪ್ಪನ ಪಾಲಿಗೇ ಬಂತು. ಅವತ್ತಿನಿಂದ ಅವನು ರವಿವಾರ ಬೈಲಹೊಂಗಲಕ್ಕೆ ಹೋಗುವುದನ್ನು ಬಿಟ್ಟ. ಮೊಣಕಾಲು ನೋವು ಎಂದು ಹೇಳಿ ಕಳಿಸಿದ. ಕಾಲು ಸೋತವರ ಸಂಘಕ್ಕೆ ಕಾಲಿನ ನೆಪ ಹೇಳಿದೆನಲ್ಲ ಎಂದು ಆಮೇಲೆ ಅದಕ್ಕೂ ನಾಚಿಕೊಂಡ.

ಎರಡು ಸಾವಿರದ ಆರರಲ್ಲಿ ಅವನು ನಿವೃತ್ತನಾದ. ಪಿಂಚಣಿಯ ಕಾಗದ ತೆಗೆದುಕೊಂಡು ಬಸ್ ನಿಲ್ದಾಣದ ಹತ್ತಿರ ಹೋದ. ಪರಪ್ಪ ಇರಲಿಲ್ಲ, ಅಂಗಡಿ ಈಗ ನೀಲಾಳದೇ. ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಬಾಗಿಲವರೆಗೆ ಗಿರಾಕಿಗಳು. ಸರ್ಕಾರಿ ಕೆಲಸ ಸಿಗದಿದ್ದದ್ದೇ ಇವಳಿಗೆ ಒಳ್ಳೆಯದಾಯಿತು ಎಂದು ಒಂದು ಗಳಿಗೆ ಅನ್ನಿಸಿತು. ಕೈಯಲ್ಲಿದ್ದ ಪಿಂಚಣಿಯ ಕಾಗದ ನೋಡಿ ಮೈಯೆಲ್ಲ ಹಿಡಿಯಾಯಿತು.

"ಬರ್ರಿ ಅಣ್ಣಾರ, ಕುಂಡ್ರಿ" ಎಂದಳು ನೀಲಾ. ತಲೆಯಲ್ಲಿ ಒಂದೆರಡು ಬಿಳಿಕೂದಲು ಬಂದಿದ್ದವು. ನಮೂನೆಯನ್ನು ಪರದೆಯ ಮೇಲೆ ತೆರೆದು ಒಂದೊಂದೇ ಕಲಮು ಓದಿ ಕೇಳುತ್ತ ಹೋದಳು. ಹೆಸರು, ಹುಟ್ಟಿದ ದಿನ, ಸೇವೆಗೆ ಸೇರಿದ ದಿನ.

"ಇಲಾಖಾ ವಿಚಾರಣೆ ಯಾವುದಾದರೂ ಬಾಕಿ ಇದೆಯೇ?"

"ಇಲ್ಲ."

ಮುಂದಿನ ಕಲಮು: ಹಾಗಿದ್ದಲ್ಲಿ ಅದರ ವಿವರ. ಅದನ್ನು ಆಕೆ ಓದಲಿಲ್ಲ, ಅವನನ್ನು ಕೇಳಲೂ ಇಲ್ಲ. ಬೆರಳು ತಾವಾಗಿಯೇ ಓಡಿದವು. ಉದ್ಭವಿಸುವುದಿಲ್ಲ. ದಕ್ಕೆ ದೊಡ್ಡ ಭ ಒತ್ತು.

ಮಲಕಾಜಪ್ಪನಿಗೆ ತಡೆಯಲಾಗಲಿಲ್ಲ. ಹಿಂದೆ ನಿಂತ ಜನರ ಪರಿವೆಯೂ ಇರಲಿಲ್ಲ. "ನೀಲಾ, ಆ ಏಳು ಅರ್ಜಿ ನನ್ನ ಕಪಾಟಿನಾಗ ಇದ್ದವು."

"ಗೊತ್ತೈತ್ರಿ ಅಣ್ಣಾರ" ಎಂದಳು ಆಕೆ, ಹಾಳೆ ಹೊರಗೆ ಬರುವುದನ್ನು ನೋಡುತ್ತ. "ನಾನ ತಂದ ಕೊಟ್ಟಿದ್ನಲ್ಲ."

ಹಾಳೆಯನ್ನು ಅವನ ಮುಂದೆ ಇಟ್ಟು, ಪೆನ್ನು ಕೊಟ್ಟು, ಸಹಿಯ ಜಾಗ ತೋರಿಸಿದಳು. "ಇಲ್ಲಿ ಮಾಡ್ರಿ. ಹಿಂದ ಮಂದಿ ನಿಂತಾರ."

ಮಲಕಾಜಪ್ಪ ಸಹಿ ಮಾಡಿದ. ಅಕ್ಷರ ಎಂದಿನಂತೆ ಮುತ್ತಾಗಿಯೇ ಬಿತ್ತು.