ಪುಳಿಯೋಗರೆಗೊಂದು ಮತ

"ನಮ್ಮ ಕನ್ನಡ ಸಂಘದಲ್ಲಿರೋ ಪ್ರಜಾಪ್ರಭುತ್ವ ವಾಷಿಂಗ್ಟನ್ನಲ್ಲೂ ಇಲ್ಲ," ಎಂದು ಅಮೆರಿಕದ ಡಾಲಸ್ ಪಕ್ಕದ ರಿಚರ್ಡ್‌ಸನ್ನಿನ ಸಂಪತ್‌ಕುಮಾರರು ಎದೆ ತಟ್ಟಿ ಹೇಳುತ್ತಿದ್ದರು. ಎಂಟು ವರ್ಷದಿಂದ ಅವರೇ ಅಧ್ಯಕ್ಷರು.

ಆ ಎಂಟು ವರ್ಷದಲ್ಲಿ ಅವರ ಹೆಂಡತಿ ವಿಶಾಲಾಕ್ಷಿ ಸಂಘಕ್ಕೆಂದು ಕಲಸಿದ ಪುಳಿಯೋಗರೆಯನ್ನು ಹರಡಿದ್ದರೆ ಡಾಲಸ್‌ನಿಂದ ಆಸ್ಟಿನ್‌ವರೆಗೆ ರಸ್ತೆಯೇ ಆಗುತ್ತಿತ್ತು. ಆಕೆಗೆ ಮತ ಮಾತ್ರ ಇರಲಿಲ್ಲ. ಮನೆಗೊಂದು ಸದಸ್ಯತ್ವ, ಸದಸ್ಯತ್ವಕ್ಕೊಂದು ಮತ, ಅದನ್ನು ಹಾಕುವವರು ಯಜಮಾನರು.

2003ರ ಚಳಿಗಾಲದಲ್ಲಿ ಆಕೆ ಅಮೆರಿಕದ ಪೌರತ್ವದ ಪರೀಕ್ಷೆಗೆ ಓದತೊಡಗಿದರು. ಪಾಠ ಹೇಳಿದವರು ಗಂಡನೇ.

"ಹಕ್ಕು ಅನ್ನೋದು ರಾಜ ಕೊಡೋ ಭಿಕ್ಷೆ ಅಲ್ಲ ಕಣೇ, ಹುಟ್ಟಿನಿಂದಲೇ ಬರತ್ತೆ. ಜನ ಒಪ್ಪಿದ್ರೆ ತಾನೆ ಸರ್ಕಾರ? ತತ್ತ್ವಜ್ಞಾನಿಗಳ ಈ ಮಾತು ತಲೆಗೆ ಹೊಕ್ಕೇ ಇಲ್ಲಿಯವರು ಇಂಗ್ಲೆಂಡಿನ ರಾಜನ ಮೇಲೆ ತಿರುಗಿ ಬಿದ್ದಿದ್ದು. ತೆರಿಗೆ ನಮ್ದು, ಸಭೇಲಿ ದನಿ ಇಲ್ಲ ಅಂದ್ರೆ ಹೇಗೆ ಅಂತ."

ಒಗ್ಗರಣೆ ಹಾಕುತ್ತಿದ್ದ ವಿಶಾಲಾಕ್ಷಿಯ ಕೈ ನಿಂತಿತು. ತನ್ನೊಳಗೆ ಹೆಸರಿಲ್ಲದೆ ಕುದಿಯುತ್ತಿದ್ದುದನ್ನು ಯಾರೋ ಇನ್ನೂರು ವರ್ಷ ಮೊದಲೇ ಆಡಿ ಮುಗಿಸಿದ್ದರು.

ಯುಗಾದಿಯಂದು ಸಂಘದ ಚುನಾವಣೆ, ಊಟ ಎರಡೂ ಇದ್ದವು. ಇನ್ನೂರು ಜನ ಖಾಲಿ ತಟ್ಟೆ ಹಿಡಿದು ನಿಂತರು. ಪುಳಿಯೋಗರೆ ಪಾತ್ರೆಯ ಮುಚ್ಚಳದ ಮೇಲೆ ವಿಶಾಲಾಕ್ಷಿ ಕೈಯಿಟ್ಟಿದ್ದರು. ಹೆಂಗಸರಿಗೂ ಮತ ಕೊಡುವವರೆಗೆ ಅದು ತೆರೆಯುವುದಿಲ್ಲವಂತೆ.

"ಮುಚ್ಚಳ ತೆಗಿಯೇ," ಸಂಪತ್‌ಕುಮಾರರು ಪಿಸುಗುಟ್ಟಿದರು. "ನಾನು ಹಾಕಿದ್ರೆ ನೀನು ಹಾಕಿದ ಹಾಗೇ ಅಲ್ವೇನೇ?"

"ಹಾಗೇ ಆಗ್ಲಿ. ಇವತ್ತು ನಾನು ಊಟ ಮಾಡ್ತೀನಿ, ನಿಮ್ಮ ಹೊಟ್ಟೆ ತುಂಬ್ತು ಅಂದ್ಕೊಳ್ಳಿ."