ಕೊನೆಯ ದೃಶ್ಯದ ಬಾಗಿಲು

ದೆವ್ವ, ಗಾಳಿ, ಸೋಕು ಎಂಬ ಮಾತು ಬಂದರೆ ನಾನು ಒಳಗೊಳಗೇ ನಗುತ್ತಿದ್ದವಳು. ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ಸಂಜೆ ದೀಪವಿಲ್ಲದ ಕೋಣೆಗೆ ಕಳಿಸಿ ದಾರದ ಡಬ್ಬಿ ತರಿಸುತ್ತಿದ್ದರು. ಹೆದರಿದವಳಿಗೆ ಮರುದಿನವೂ ಅದೇ ಕೆಲಸ. ಹೀಗೆ ಬೆಳೆದ ನಾನು ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೆ, ಅಮಾವಾಸ್ಯೆಯ ದಿನ ಅತ್ತೆ ನಿಂಬೆಹಣ್ಣು ಇಳಿದೆಗೆದು ಬೀದಿಗೆ ಎಸೆದಾಗಲೆಲ್ಲ, ಒಳ್ಳೆ ಹಣ್ಣು ಹಾಳಾಯಿತಲ್ಲ ಎಂದುಕೊಳ್ಳುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕು ಎಂದು ಕೇಳುವ ಧೈರ್ಯ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ. ನಮ್ಮ ಯಜಮಾನರು ಕಾಲುವೆಗಳ ಓವರ್ಸೀಯರ್. ತಿಂಗಳಲ್ಲಿ ಹದಿನೈದು ದಿನ ಕಂಪ್ಲಿ ಕಡೆಯ ಗದ್ದೆಗಳಲ್ಲೇ ಇರುತ್ತಿದ್ದರು. ಮದರಾಸಿನಿಂದ ಒಂದು ಸಿನಿಮಾ ಕಂಪೆನಿ ಹಂಪಿಯಲ್ಲಿ ಚಿತ್ರ ತೆಗೆಯಲು ಬಂದಾಗ, ಅದರ ಡೈರೆಕ್ಟರು ಊಟಕ್ಕೆ ನಮ್ಮ ಮನೆಗೆ ಬರುವ ವಾಡಿಕೆಯಾಯಿತು. ಅವರಿಗೆ ಹೋಟೆಲಿನ ಖಾರ ಆಗುತ್ತಿರಲಿಲ್ಲ. ಮಾತಿನ ನಡುವೆ ಗೊತ್ತಾಯಿತು, ಅವರು ತೆಗೆಯಬೇಕೆಂದಿದ್ದ ಕಥೆ ಇಂಗ್ಲಿಷಿನ ಒಂದು ಹಳೆಯ, ಹೆಸರಾದ ಕಾದಂಬರಿಯದು. ಅದನ್ನು ವಿಜಯನಗರದ ಕಾಲಕ್ಕೆ ತಂದು, ದೊರೆಸಾನಿಗೆ ಸೀರೆ ಉಡಿಸಿ, ಪ್ರೇಮಕಥೆ ಮಾಡುವ ಆಸೆ. ಆದರೆ ಅವರು ಓದಿದ್ದು ಯಾರೋ ಸಂಗ್ರಹಿಸಿದ ನಾಲ್ಕು ಪುಟ. ನಾನು ಕಾನ್ವೆಂಟಿನಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿದ್ದೆ. ಅದನ್ನು ಯಜಮಾನರು ಹೆಮ್ಮೆಯಿಂದ ಹೇಳಿಬಿಟ್ಟರು. ಅಂದಿನಿಂದ ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಒಂದೊಂದೇ ಅಧ್ಯಾಯವನ್ನು ಕನ್ನಡದಲ್ಲಿ ಹೇಳುವುದು, ಅವರು ಹಜಾರದಲ್ಲಿ ಕುಳಿತು ಬರೆದುಕೊಳ್ಳುವುದು. ಅತ್ತೆ ನಡುವೆ ಹೂಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದರು.

ಕಥೆ ಇಷ್ಟು. ಅಣ್ಣನೊಬ್ಬ ತಂಗಿಯನ್ನು ಹಳೆಯ ಮಹಲಿನಲ್ಲಿ ವರ್ಷಗಟ್ಟಲೆ ಕೂಡಿಹಾಕಿರುತ್ತಾನೆ. ಕೊನೆಗೆ ಅವನು ಸಾಯುವಾಗ ಬಾಗಿಲಿನ ಅಧಿಕಾರ ಅವಳ ಕೈಗೇ ಬರುತ್ತದೆ. ಹೊರಗೆ ಪ್ರಿಯಕರ ನಿಂತಿದ್ದಾನೆ. ಪುಸ್ತಕದಲ್ಲಿ ಅವಳು ಅಗಳಿ ತೆಗೆದು ಹೋಗಿಬಿಡುತ್ತಾಳೆ. ಓದುವಾಗ ಆ ಪುಟದ ಹತ್ತಿರ ನಾನು ಎಷ್ಟು ಸಲ ನಿಂತಿದ್ದೆನೋ. ಡೈರೆಕ್ಟರು ಮಾತ್ರ ತಲೆಯಾಡಿಸಿದರು. ನಮ್ಮ ಜನ ಒಪ್ಪುವುದಿಲ್ಲ, ಅವಳು ಒಳಗೇ ಉಳಿದು, ತನ್ನ ಕೈಯಾರೆ ಅಗಳಿ ಹಾಕಿಕೊಳ್ಳಬೇಕು, ಆಗ ಕಣ್ಣೀರು ಬರುತ್ತದೆ ಎಂದರು.

“ಬಾಗಲಾ ತೆರದಿದ್ರೂ ಒಳಗ ಕುಂದರತಾಳಂದ್ರ ಆಕಿ ಶ್ಯಾಣ್ಯಾಕಿ ಅಲ್ರೀ, ಹುಚ್ಚಿ,” ಅಂದರು ಅತ್ತೆ, ಬತ್ತಿಯಿಂದ ಕಣ್ಣೆತ್ತದೆ.

“ಮತ್ತ ನೀವಾಗಿದ್ರ ಹೋಗತಿದ್ರೇನು ಅಮ್ಮಾ?” ಎಂದು ಯಜಮಾನರು ಕೆಣಕಿದರು.

“ನನಗ ಯಾರು ಹೊರಗ ನಿಂತಿದ್ರಪಾ? ನಿಮ್ಮಪ್ಪ ಒಳಗ ಊಟಕ್ಕ ಕೂತಿದ್ರು.”

ಎಲ್ಲರೂ ನಕ್ಕೆವು. ಅಂತ್ಯ ಮಾತ್ರ ಡೈರೆಕ್ಟರು ಹೇಳಿದ್ದೇ ಆಯಿತು.

ನಾಯಕಿ ತೆಲುಗಿನ ಹುಡುಗಿ. ತೀರ ಚಿಕ್ಕವಳು, ಕಿವಿಯ ಹಿಂದೆ ಒಂದು ಎಳೆ ಕೂದಲು ಯಾವಾಗಲೂ ಜಾರಿರುತ್ತಿತ್ತು. ಕನ್ನಡ ಒಂದಕ್ಷರ ಬಾರದು. ಹೇಳಿಕೊಟ್ಟದ್ದು ಮೈಕಿನ ಮುಂದೆ ನಿಂತರೆ ಮರೆತುಹೋಗುತ್ತಿತ್ತು. ಮಾತು ಮರೆತಾಗ ಯಾರಾದರೂ ಎದುರಿಗೆ ನಿಂತು ಸದ್ದಿಲ್ಲದೆ ತುಟಿ ಆಡಿಸಿದರೆ ಸಾಕು, ನೋಡಿ ಹಿಡಿದುಕೊಂಡುಬಿಡುತ್ತಿದ್ದಳು. ಆ ಕೆಲಸಕ್ಕೆ ನನ್ನನ್ನು ಕೇಳಿದರು. ಗೃಹಸ್ಥರ ಹೆಣ್ಣುಮಗಳು ಸಿನಿಮಾದವರ ನಡುವೆ ಹೋಗುವುದೇ? ಅತ್ತೆ ಒಂದು ದಾರಿ ಹೇಳಿದರು. ತಾವೂ ಜೊತೆಗೆ ಬರುವುದು, ಗಂಡಸರು ಬರುವ ಮೊದಲೇ ನಾನು ಒಳಗೆ ಸೇರುವುದು, ಅವರೆಲ್ಲ ಸರಿದ ಮೇಲೆ ತಾವೇ ಬಂದು ಬಾಗಿಲು ತೆಗೆದು ಕರೆದುಕೊಂಡು ಹೋಗುವುದು, ಅಲ್ಲಿಯವರೆಗೆ ನನ್ನ ದನಿಯೂ ಯಾರಿಗೂ ಕೇಳಬಾರದು.

ಜಾಗ ಹಂಪಿ ಬಜಾರಿನಿಂದ ದೂರದ ಒಂದು ಹಾಳು ಮಂಟಪ. ಮುಂದಿನ ಭಾಗದ ಚಾವಣಿ ಬಿದ್ದು ಬಿಸಿಲು ನೇರವಾಗಿ ಇಳಿಯುತ್ತಿದ್ದುದರಿಂದ ಚಿತ್ರದಲ್ಲಿ ಅದೇ ಮಹಲಿನ ಒಳಮನೆ. ಹಿಂದೆ ಕಲ್ಲಿನ ಒಂದು ಸಣ್ಣ ಕೋಣೆ, ಕಿಟಕಿಯಿಲ್ಲ. ಅದರ ಬಾಯಿಗೆ ಚಿತ್ತವಾಡ್ಗಿಯ ಬಡಿಗೇರರು ಗಟ್ಟಿಯಾದ ಕದ ಕೂರಿಸಿದ್ದರು. ಕದದ ಮೇಲ್ಭಾಗದಲ್ಲಿ ಮರದ ಪಟ್ಟಿ ಹೆಣೆದ ಜಾಳಿಗೆ, ನಾಯಕಿಯ ಕಡೆಗೆ ಕಬ್ಬಿಣದ ಅಗಳಿ. ನೋಡಿ, ಚಿತ್ರದಲ್ಲಿ ಸೆರೆಯಲ್ಲಿರುವವಳು ಬಿಸಿಲಲ್ಲಿ ನಿಂತಿರುತ್ತಿದ್ದಳು. ಚಿತ್ರದ ಪ್ರಕಾರ ಹೊರಗಿರಬೇಕಾದ ನಾನು ಆ ಕತ್ತಲಲ್ಲಿ. ಜಾಳಿಗೆಗೆ ಮುಖ ಒತ್ತಿ ನಿಂತರೆ ನನ್ನ ತುಟಿಯ ಮೇಲೆ ಮಾತ್ರ ಬೆಳಕು ಬೀಳುತ್ತಿತ್ತು. ಒಳಗೆ ಬಾವಲಿಯ ವಾಸನೆ, ಕಾಲ ಕೆಳಗೆ ನುಣ್ಣನೆಯ ಧೂಳು.

ಎರಡು ದಿನ ಹೀಗೆ ಸುಸೂತ್ರವಾಗಿ ನಡೆಯಿತು. ಮೂರನೆಯ ದಿನ ಕೊನೆಯ ದೃಶ್ಯ. ಇಳಿಮಧ್ಯಾಹ್ನ. ಸೀಟಿ ಊದಿದರು. ಸೀಟಿ ಊದಿದ ಮೇಲೆ ಯಾರೂ ಕೆಮ್ಮುವ ಹಾಗೂ ಇಲ್ಲ. ನಾನು ತುಟಿ ಆಡಿಸಿದೆ, “ನೀವು ಹೋಗಿ. ನಾನು ಈ ಮನೆಯ ಮಗಳು.” ಹುಡುಗಿ ನನ್ನನ್ನು ನೋಡಲಿಲ್ಲ. ಅವಳ ಕಣ್ಣು ನನ್ನ ಎಡ ಭುಜದ ಪಕ್ಕಕ್ಕೆ ನೆಟ್ಟಿತ್ತು. ಮೆಲ್ಲಗೆ, ಒಂದೊಂದೇ ಮಾತನ್ನು ಹೆಕ್ಕಿದ ಹಾಗೆ ಅಂದಳು,

“ಹೋಗೋ ಮುಂದ... ಕದಾ ತಗದು ಹೋಗ್ರಿ.”

ಹೋಗುವಾಗ ಬಾಗಿಲು ತೆಗೆದಿಟ್ಟು ಹೋಗಿ ಎಂದು, ಅದೂ ನಮ್ಮೂರ ಮಾತಿನಲ್ಲಿ. ನಾಯಕಿಯ ಮುಖಕ್ಕೆ ಬಿಸಿಲು ತಿರುಗಿಸಲು ಬೇಗಡೆ ಕಾಗದ ಅಂಟಿಸಿದ ಹಲಗೆಗಳನ್ನು ಹಿಡಿದು ನಿಂತಿದ್ದ ನಮ್ಮೂರ ಆಳುಗಳು ಕಿಸಕ್ಕನೆ ನಕ್ಕರು. “ರಾಣಿ ನಮ್ಮ ಓಣ್ಯಾಕಿ ಆದಳಲೇ,” ಎಂದ ಒಬ್ಬ. ಡೈರೆಕ್ಟರು ಸಿಟ್ಟಿನಿಂದ ಜಾಳಿಗೆಯ ಕಡೆ ನೋಡಿದರು. ನಾನೇ ಹಾಗೆ ಹೇಳಿಕೊಟ್ಟೆ ಎಂದುಕೊಂಡರು. ನನಗೆ ಮುಖ ಬಿಸಿಯಾಯಿತು. ಮತ್ತೆ ತೆಗೆದರು. ಈ ಸಲ ಹುಡುಗಿ ಹೇಳಿದ್ದು ಸರಿಯಾಗಿತ್ತು. ಅಗಳಿ ಎಳೆದಳು. ಆ ಕಬ್ಬಿಣ ಕೂತ ಸದ್ದು ನನ್ನ ಹಲ್ಲಿನವರೆಗೆ ಬಂತು.

ಅಷ್ಟರಲ್ಲಿ ಬಿರುಗಾಳಿ ಎದ್ದಿತು. ನಮ್ಮ ಕಡೆಯ ಬೇಸಿಗೆಯ ಕೆಂಪು ಧೂಳಿನ ಗಾಳಿ. ಹಲಗೆಗಳು ಹಾರಿದವು, ಎತ್ತುಗಳು ಬೆದರಿದವು, ಎಲ್ಲರೂ ಕೂಗಾಡುತ್ತ ಸಾಮಾನು ಎತ್ತಿದರು. ನಾನು ಕಾದೆ. ಗಂಡಸರು ಹೋಗಲಿ ಎಂದು ಕಾದೆ. ಗಾಡಿಗಳ ಸದ್ದು ದೂರವಾಯಿತು. ಆಮೇಲೂ ಕಾದೆ, ಅತ್ತೆ ಬರುತ್ತಾರೆ ಎಂದು.

ಆದದ್ದು ಏನೆಂದು ನನಗೆ ತಿಳಿದದ್ದು ಆಮೇಲೆ. ಅತ್ತೆ ಕೂತಿದ್ದ ಗಾಡಿಯ ಎತ್ತುಗಳು ಬೆದರಿ ಓಡಿದ್ದವು. ನಾಯಕಿಯ ಟಾಂಗಾಕ್ಕೆ ಪರದೆ ಬಿಟ್ಟಿದ್ದನ್ನು ಕಂಡು ಅತ್ತೆ, ಸೊಸೆ ಅದರಲ್ಲಿದ್ದಾಳೆ ಎಂದುಕೊಂಡರು. ನಾಯಕಿ, ಅತ್ತೆ ಎಂದಿನ ಹಾಗೆ ಬಂದು ನನ್ನನ್ನು ತಮ್ಮ ಗಾಡಿಯಲ್ಲಿ ಕರೆದೊಯ್ದರು ಎಂದುಕೊಂಡಳು. ಡೈರೆಕ್ಟರು ಮರ್ಯಾದಸ್ಥರು. ಇನ್ನೊಬ್ಬರ ಹೆಂಡತಿ ಎಲ್ಲಿ ಎಂದು ಆಳುಗಳ ಮುಂದೆ ವಿಚಾರಿಸುವುದುಂಟೇ? “ಹೆಂಗಸರೆಲ್ಲ ಹೊರಟರಾ?” ಎಂದಷ್ಟೇ ಕೇಳಿದರಂತೆ. “ಹೊಂಟ್ರಿ,” ಎಂದರಂತೆ ಯಾರೋ.

ಒಳಗೆ ನನಗೆ ಮೊದಲು ಬಂದದ್ದು ಭಯವಲ್ಲ, ಸಂಕೋಚ. ಕೂಗಲೋ ಬೇಡವೋ. ಕೊನೆಗೆ ಕೂಗಿದೆ. ಗಾಳಿಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಕದವನ್ನು ಗುದ್ದಿದೆ, ಬೆರಳನ್ನು ಜಾಳಿಗೆಯಲ್ಲಿ ತೂರಿಸಿ ಅಗಳಿಗೆ ತಾಕಿಸಲು ನೋಡಿದೆ. ಎಟುಕಲಿಲ್ಲ. ಎರಡು ಬಳೆ ಒಡೆದು ಮಣಿಕಟ್ಟಿನಿಂದ ರಕ್ತ ಬಂತು. ಯಜಮಾನರು ಕಂಪ್ಲಿಯಲ್ಲಿ, ಬರುವುದು ನಾಳೆ. ಬೆಳಗಾಗುವವರೆಗೆ ಈ ಉಸಿರುಗಟ್ಟುವ ಕೋಣೆಯಲ್ಲಿ ಬದುಕಿರುತ್ತೇನೆಯೇ ಎಂದು ಆಗ ಮೊದಲ ಸಲ ಅನ್ನಿಸಿತು. ಮತ್ತೆ ಗುದ್ದಿದೆ.

ಆಗ ಹಿಂದಿನ ಮೂಲೆಯಲ್ಲಿ ಲಟಿಕೆ ಮುರಿದ ಸದ್ದು ಕೇಳಿತು.

ನಿಮಗೂ ಗೊತ್ತಿರುವ ಸದ್ದೇ. ಮಧ್ಯಾಹ್ನ ಕೆಲಸವೆಲ್ಲ ಮುಗಿದ ಮೇಲೆ ಹೆಂಗಸರು ಗೋಡೆಗೆ ಒರಗಿ, ಒಂದೊಂದೇ ಬೆರಳು ಎಳೆದು ಮುರಿಯುತ್ತಾರಲ್ಲ, ಅದು. ನಿಧಾನವಾಗಿ, ಒಂದಾದ ಮೇಲೆ ಒಂದು. ನಾನು ಗೋಡೆ ಹಿಡಿದು ಕೋಣೆಯನ್ನೆಲ್ಲ ತಡವಿದೆ. ಕಲ್ಲು ಬಿಟ್ಟರೆ ಏನೂ ಕೈಗೆ ಸಿಗಲಿಲ್ಲ. ಕದದ ಹತ್ತಿರ ಬಂದು ನಿಂತೆ. ಮತ್ತೆ ಅದೇ ಸದ್ದು, ಅದೇ ಮೂಲೆಯಿಂದ, ಆಮೇಲೆ ದಪ್ಪ ಸೀರೆಯ ನಿರಿಗೆ ಸರಿಪಡಿಸಿಕೊಂಡ ಸರಸರ.

ಭಯವಾಯಿತೇ ಎಂದು ಕೇಳಿದರೆ, ಆಯಿತು. ಆದರೆ ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ಕದ ಬಡಿಯಲು ಎತ್ತಿದ ಕೈ ತಾನಾಗಿ ಇಳಿಯಿತು. ಬೇರೆಯವರ ಮನೆಯಲ್ಲಿ ದನಿ ಎತ್ತಿದ ಹಾಗೆ ನಾಚಿಕೆಯಾಯಿತು. ಆ ಮೂಲೆಯಲ್ಲಿದ್ದವರಿಗೆ ಬಾಗಿಲು ಮುಚ್ಚಿದ್ದರ ಬಗ್ಗೆ ಯಾವ ಗಡಿಬಿಡಿಯೂ ಇರಲಿಲ್ಲ. ನಾನು ಮೆಲ್ಲಗೆ ಕುಳಿತೆ. ಸೆರಗು ಸರಿಮಾಡಿಕೊಂಡೆ. ಜಾಳಿಗೆಯ ಬೆಳಕು ಹಳದಿಯಾಗಿ, ಕೆಂಪಾಗಿ, ಬೂದಿಬಣ್ಣಕ್ಕೆ ತಿರುಗಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ನಾನೂ ನನ್ನ ಬೆರಳುಗಳ ಲಟಿಕೆ ಮುರಿಯುತ್ತಿದ್ದೆ. ಎದೆ ಧಸಕ್ಕೆಂದದ್ದು ಆಗ. ಇಲ್ಲಿ ಹೀಗೆ ಕುಳಿತುಬಿಡುವುದು ಎಷ್ಟು ಸುಲಭ ಎಂದು ತಿಳಿದುಬಿಟ್ಟಿತ್ತು. ಧಡಕ್ಕನೆ ಎದ್ದು ಮತ್ತೆ ಕೂಗಿಕೊಂಡೆ.

ಹೊರಗೆ ಓಡಿಬರುವ ಹೆಜ್ಜೆ ಕೇಳಿತು. ಅಗಳಿ ಸರಿಯಿತು. ಕದ ತೆರೆದಾಗ ಎದುರಿಗೆ ಆ ತೆಲುಗು ಹುಡುಗಿ, ಮುಖದ ಬಣ್ಣವನ್ನೂ ತೊಳೆದುಕೊಂಡಿರಲಿಲ್ಲ. ನನ್ನನ್ನು ಕಂಡು ಬೆಚ್ಚಿದಳು.

“ಅಯ್ಯೋ ಅಕ್ಕಾ, ನೀವಾ?” ಎಂದಳು. ಅವಳ ತೆಲುಗು ನನಗೆ ಚೆನ್ನಾಗಿ ತಿಳಿಯುತ್ತಿತ್ತು. “ನೀವೂ ಇಲ್ಲೇ ಇದ್ದಿರಾ?”

ಹಿಂದೆ ಲಾಂದ್ರ ಹಿಡಿದು ಬಂದ ಟಾಂಗಾದ ಹುಲಿಗೆಪ್ಪ ವಿವರಿಸಿದ. “ಅರ್ಧ ದಾರ‍್ಯಾಗ ಈಯಮ್ಮಾರು ನನ್ನ ಕೇಳಿದ್ರು ಅವ್ವಾರ, ‘ಹೋಗೋ ಮುಂದ ಕದಾ ತಗದು ಹೋಗ್ರಿ’ ಅಂದ್ರೇನಂತ. ನಾ ತೆಲುಗಿನ್ಯಾಗ ಬಿಡಿಸಿ ಹೇಳಿದೆ. ಟಾಂಗಾ ತಿರಗಸು ಅಂತ ಒಂದ ಹಟಾ. ಗಾಳ್ಯಾಗ ಕುದರಿ ಬರವಲ್ದು, ಇವರು ಕೇಳವಲ್ರು.”

ಹುಡುಗಿ ತಿರುಗಿ ಬಂದದ್ದು ನನಗಾಗಿ ಅಲ್ಲ ಎಂದು ಅವಳೇ ಹೇಳಿದಳು. ನಾನು ಮನೆ ಮುಟ್ಟಿರುವೆ ಎಂದೇ ಅವಳು ತಿಳಿದಿದ್ದಳು. ನನ್ನ ಪಕ್ಕದಲ್ಲಿ ನಿಂತು, ನನ್ನ ಹಾಗೆಯೇ ಸದ್ದಿಲ್ಲದೆ ತುಟಿ ಆಡಿಸಿ ಆ ಮಾತು ಹೇಳಿದ ಇನ್ನೊಬ್ಬಮ್ಮನಿಗಾಗಿ ಬಂದಿದ್ದಳು. ನಾನು ಹೊರಗೆ ಬಂದ ಮೇಲೂ ಅವಳು ಕದವನ್ನು ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತಳು, ಯಾರಿಗೋ ದಾರಿ ಬಿಡುವ ಹಾಗೆ. ಆಮೇಲೆ ಬಂದು ಟಾಂಗಾ ಹತ್ತಿದಳು. ಕದ ಮುಚ್ಚಲಿಲ್ಲ.

ಮನೆಯಲ್ಲಿ ಅತ್ತೆ ಎದೆ ಬಡಿದುಕೊಂಡು ಅತ್ತರು. “ನನ್ನ ಬುದ್ಧಿಗೆ ಪರದೆ ಬಿತ್ತಲ್ಲವ್ವಾ,” ಎಂದು ನನ್ನ ಮಣಿಕಟ್ಟಿಗೆ ಅರಿಸಿನ ಹಚ್ಚಿದರು. ಮರುದಿನ ಬಂದ ಯಜಮಾನರು ಎಲ್ಲವನ್ನೂ ಕೇಳಿ, ಆ ಮಾತನ್ನು ಹುಡುಗಿ ಆಳುಗಳ ಬಾಯಿಂದ ಕಲಿತಿರಬೇಕು, ಬಿಸಿಲಲ್ಲಿ ನಿಂತು ಕತ್ತಲೆಯನ್ನು ನೋಡಿದರೆ ಒಂದು ಮುಖ ಎರಡಾಗುತ್ತದೆ, ಲಟಿಕೆಯ ಸದ್ದು ಕಾದ ಕಲ್ಲು ತಣ್ಣಗಾಗುವ ಸದ್ದು ಎಂದರು. ಇರಬಹುದು. ಇವತ್ತಿಗೂ ಹಗಲು ಹೊತ್ತಿನಲ್ಲಿ ನನಗೆ ಅದೇ ಸರಿ ಎನ್ನಿಸುತ್ತದೆ. ಆದರೆ ಅವಳು ಆ ಮಾತು ಹೇಳಿದಾಗ ನನ್ನ ಮೇಲೆ ಇನ್ನೂ ಅಗಳಿ ಬಿದ್ದಿರಲಿಲ್ಲ. ಕದ ತೆಗೆಯಿರಿ ಎಂದು ಕೇಳಿದವರು ತಮಗಾಗಿ ಕೇಳಿದರೋ, ನನಗಾಗಿಯೋ?

ಯಜಮಾನರಿಗೆ ಹೇಳದೆ ಉಳಿಸಿಕೊಂಡದ್ದು ಒಂದೇ. ಆ ಸಂಜೆ ತಿರುಗಿ ಬರುವಾಗ ಟಾಂಗಾದಲ್ಲಿ ನಾವಿಬ್ಬರೂ ಒಂದೇ ಹಾಸಿನ ಮೇಲೆ ಕುಳಿತಿದ್ದೆವು, ಜಾಗ ಬೇಕಾದಷ್ಟಿತ್ತು. ಆದರೂ ಆ ಹುಡುಗಿ ಒಂದು ತುದಿಗೆ ಒತ್ತರಿಸಿ, ಮೊಣಕಾಲು ಕೂಡಿಸಿ ಕುಳಿತಿದ್ದಳು. ನಡುವೆ ಒಬ್ಬರು ಕೂಡುವಷ್ಟು ಹಾಸು ಖಾಲಿಯಿತ್ತು. ನಾನು ಅತ್ತ ಸರಿಯಲಿಲ್ಲ. ದಾರಿಯಲ್ಲಿ ಸಿಗುವ ಕಡ್ಡಿರಾಂಪುರದಲ್ಲಿ ಹುಲಿಗೆಪ್ಪ ಕುದುರೆಗೆ ನೀರು ಕುಡಿಸಲು ನಿಲ್ಲಿಸಿದ. ಪರದೆ ಒಮ್ಮೆ ಅಲುಗಿತು, ಗಾಳಿ ಅಷ್ಟು ಹೊತ್ತಿಗೆ ಪೂರ್ತಿ ನಿಂತಿತ್ತು. ಮತ್ತೆ ಹೊರಟಾಗ ಹುಡುಗಿ ಉಸಿರು ಬಿಟ್ಟು, ಹಾಸಿನ ನಡುವಿಗೆ ಸರಿದು, ಹೊಸಪೇಟೆಯವರೆಗೂ ಕಾಲು ಚಾಚಿಕೊಂಡು ಕುಳಿತಳು.