ಅಮವಾಸ್ಯೆಗೊಮ್ಮೆ ಮೇನ್ ತೆಗೆಯುವ ಕಲ್ಯಾಣಪ್ಪ

ಜೇವರ್ಗಿಯ ಕಲ್ಯಾಣಪ್ಪನ ಕೈಯಲ್ಲಿ ವೈರಿಂಗ್ ಮಾಡಿಸಿದವರಿಗೆ ಒಂದು ಪೀಡೆ ಗ್ಯಾರಂಟಿ. ಕೆಲಸ ಮುಗಿದು ವರ್ಷಗಳಾದರೂ ಈ ಮನುಷ್ಯ ಬೆನ್ನು ಬಿಡುವುದಿಲ್ಲ. ಅಫಜಲಪುರದ ಮದುವೆ ಮಂಟಪವಿರಲಿ, ಆಳಂದದ ಹಾಸ್ಟೆಲ್ ಇರಲಿ, ತಾನು ಎಮರ್ಜೆನ್ಸಿ ಲೈಟ್ ಕೂಡಿಸಿದ ಕಟ್ಟಡದ ಮುಂದೆ ಬಸ್ಸು ಹಾದರೆ ಸಾಕು, ಇಳಿದು ಸೀದಾ ಒಳಗೆ ನುಗ್ಗುತ್ತಾನೆ. ಗೋಡೆಯ ಮೇಲಿನ ಡಬ್ಬಿಯ ಗುಂಡಿ ಒತ್ತಿ, ದೀಪ ಹತ್ತಿದರೆ ಅದರ ಧೂಳು ಒರೆಸಿ, ಕೊಟ್ಟರೆ ಒಂದು ಕಪ್ ಚಹಾ ಕುಡಿದು ಮುಂದಿನ ಬಸ್ಸು ಹಿಡಿಯುತ್ತಾನೆ. ಯಾಕೆ ಬಂದಿರಿ ಎಂದು ಕೇಳಿದವರಿಗೆ ಉತ್ತರ ಸಿದ್ಧವಿರುತ್ತದೆ. "ಕರೆಂಟ್ ಹೋದಾಗ ಹತ್ತೋ ದೀಪ ರೀ ಇದು. ಕರೆಂಟ್ ಇರೋತನ ಯಾರೂ ಇದರ ಕಡಿ ನೋಡಂಗಿಲ್ಲ. ನಾನರ ನೋಡಬೇಕಲ್ಲ?"

ಬಸ್ ನಿಲ್ದಾಣದ ಹಿಂದಿನ ಹೆರಿಗೆ ಆಸ್ಪತ್ರೆಗಂತೂ ಅವನು ಅಮವಾಸ್ಯೆಗೊಮ್ಮೆ ಹಾಜರ್. ಅಮವಾಸ್ಯೆಯಂದು ಹೊಸ ಮನೆಗೆ ವೈರ್ ಎಳೆಸುವವರು ಯಾರಿದ್ದಾರೆ? ಅವನಿಗೆ ಅಂದೇ ಪುರಸೊತ್ತು. ಹೊತ್ತು ಮುಳುಗುವಾಗ ಮೆಟ್ಟಿಲು, ಪಡಸಾಲೆಗಳ ಮೇನ್ ಸ್ವಿಚ್ ತೆಗೆದು, ಕರೆಂಟ್ ನಿಲ್ಲಿಸಿ ಕುಳಿತುಕೊಳ್ಳುತ್ತಾನೆ. ಎಮರ್ಜೆನ್ಸಿ ದೀಪಗಳು ತಮ್ಮ ಬ್ಯಾಟರಿಯ ಮೇಲೆ ಉರಿಯುತ್ತವೆ. ಯಾವುದು ಬೇಗ ಆರುತ್ತದೋ ಅದರ ಬ್ಯಾಟರಿ ಮುದಿಯಾಯಿತೆಂದು ಲೆಕ್ಕ, ಬದಲಿಸುತ್ತಾನೆ. ಆದರೆ ಒಂದು ಅಮವಾಸ್ಯೆಗೆ ಅರ್ಧ ದೀಪಗಳು ಮಾತ್ರ, ಉಳಿದ ಅರ್ಧವನ್ನು ಡಬ್ಬಿಯಲ್ಲೇ ಬಂದ್ ಮಾಡಿ ಮುಂದಿನದಕ್ಕೆ ಬಿಡುತ್ತಾನೆ. ಬರಿದಾದ ಬ್ಯಾಟರಿ ಮತ್ತೆ ತುಂಬಲು ಇಡೀ ದಿನ ಬೇಕು, ಅಷ್ಟರೊಳಗೆ ಕರೆಂಟ್ ನಿಜವಾಗಿಯೂ ಹೋದರೆ ಗತಿ ಏನು? ಈ ನೇಮ ಅವನೇ ಮಾಡಿಕೊಂಡದ್ದು, ಕೇಳದವರಿಗೂ ಕರೆದು ಹೇಳುತ್ತಾನೆ.

ಅವನಿಗೆ ಅಲ್ಲಿ ಸರಿಸಾಟಿಯೆಂದರೆ ಆಯಾ ಗಂಗಾಬಾಯಿ. ಅವನು ಮೇನ್ ತೆಗೆಯುವುದೇ ತಡ, ಅವಳು ಮಣ್ಣಿನ ಪಣತಿಗಳನ್ನು ಹಚ್ಚಿ ಮೆಟ್ಟಿಲ ಅಂಚಿಗೆ ಇಡುತ್ತ ಬರುತ್ತಾಳೆ.

"ಬಾಣಂತ್ಯಾರು ಇದ್ದ ಜಾಗಾದಾಗ ಅಮಾಸಿ ದಿನ ದೀಪ ಆರಸ್ತೀಯಲ್ಲೋ ಕಲ್ಯಾಣಪ್ಪ, ಬುದ್ಧಿ ಅದನೋ ಇಲ್ಲೋ?"

"ಗಂಗಕ್ಕ, ನಿನ್ನ ಪಣತಿ ಉರಿಯಾಕತ್ತರ ನನ್ನ ಲೈಟ್ ಎಷ್ಟು ಬೆಳಕ ಕೊಡ್ತದ ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

"ನಿನ್ನ ಲೈಟ್ ನೀ ನೋಡ್ಕೋ. ನನ್ನ ದೀಪ ನಾ ನೋಡ್ಕೋತೇನಿ."

ಈ ಜಗಳ ಇಲ್ಲದೆ ಆಸ್ಪತ್ರೆಯಲ್ಲಿ ಅಮವಾಸ್ಯೆ ಆದದ್ದೇ ಇಲ್ಲ.

ಒಂದು ಅಮವಾಸ್ಯೆಗೆ ಮಾತ್ರ ಕಲ್ಯಾಣಪ್ಪ ಬೆಳಿಗ್ಗೆಯೇ ಬಂದಿದ್ದ, ಅದೂ ಮಗಳ ಕೈ ಹಿಡಿದುಕೊಂಡು. ಹಿರೋಳ್ಳಿಗೆ ಕೊಟ್ಟ ಅನುರಾಧಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ಇಲ್ಲದ ಕೂಸನ್ನು ಜಡೆ ಹಾಕಿ, ಉಣ್ಣಿಸಿ, ಬೆಳೆಸಿದವನು ಅವನೇ. ಅವಳೆಂದರೆ ಅವನಿಗೆ ಜೀವ. ಡಾಕ್ಟರ್ ಸುಮಂಗಲಾ ನೋಡಿ, "ಇನ್ನೂ ಟೈಮ್ ಅದ ಕಾಕಾ, ನಾಳೆ ಆಗಬಹುದು. ಅಂಜಬ್ಯಾಡ್ರಿ" ಎಂದು ಮೇಲಿನ ವಾರ್ಡಿನಲ್ಲಿ ಮಲಗಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಜನರೇಟರ್ ರಿಪೇರಿಗೆ ಕಲಬುರಗಿಗೆ ಹೋಗಿದೆ ಎಂಬ ಮಾತನ್ನೂ ಆಡಿಬಿಟ್ಟರು.

ಕಲ್ಯಾಣಪ್ಪನ ತಲೆಯಲ್ಲಿ ಹುಳ ಹೊಕ್ಕಿತು. ಹೆರಿಗೆ ಕೋಣೆ ಇರುವುದು ಕೆಳಗೆ. ಅಲ್ಲಿಗೆ ಇನ್ವರ್ಟರ್ ಇದೆ, ಸರಿ. ಆದರೆ ಮೆಟ್ಟಿಲಿಗೆ? ಅವನ ದೀಪಗಳಷ್ಟೇ. ಮಗಳು ಇಳಿಯುವಾಗ ಕರೆಂಟ್ ಹೋದರೆ? ಗುಂಡಿ ಒತ್ತಿ ನೋಡಿದ. ಎಲ್ಲವೂ ಹತ್ತಿದವು. ಸಮಾಧಾನವಾಗಲಿಲ್ಲ. ಗುಂಡಿ ಒತ್ತಿದರೆ ಹತ್ತುತ್ತದೆ ಎನ್ನುವುದು ಗೊತ್ತಾಗುತ್ತದೆ, ಎಷ್ಟು ಹೊತ್ತು ಉರಿಯುತ್ತದೆ ಎನ್ನುವುದು ಹೇಗೆ ಗೊತ್ತಾಗಬೇಕು? ಮಧ್ಯಾಹ್ನ ಮೇನ್ ತೆಗೆದೇಬಿಟ್ಟ. ಅರ್ಧಕ್ಕಲ್ಲ, ಪೂರ್ತಿಗೆ.

ಗಂಗಾಬಾಯಿ ವಾಡಿಕೆಯಂತೆ ಪಣತಿ ಹಚ್ಚಿಕೊಂಡು ಬಂದಳು. "ಇವತ್ತೊಂದಿನ ತಗೊಂಡು ಹೋಗು ತಾಯಿ, ಕೈ ಮುಗೀತೇನಿ" ಎಂದು ಅವನು ಗದರಿದ. ಅವನ ಮುಖ ನೋಡಿ ಅವಳು ಹಿಂದಿರುಗಿದಳು. ಹಾಗಂತ ದೀಪ ಆರಿಸಲಿಲ್ಲ. ಅಮವಾಸ್ಯೆಯ ದೀಪ ಆರಿಸುವ ಹೆಂಗಸೇ ಅವಳು? ಪರಾತದ ಅಗಲ ತಟ್ಟೆಯಲ್ಲಿಟ್ಟು ಹಿತ್ತಲ ಕಟ್ಟೆಗೆ ಒಯ್ದು, ಆಗಾಗ ಎಣ್ಣೆ ಹೊಯ್ಯುತ್ತ ತನ್ನ ಕೆಲಸ ನೋಡಿಕೊಂಡಳು.

ಕಟ್ಟಕಡೆಯ ದೀಪ ಮಂಕಾಗಿ ಆರುವವರೆಗೂ ಕಲ್ಯಾಣಪ್ಪ ಮೆಟ್ಟಿಲ ಮೇಲೆ ಕುಳಿತಿದ್ದ. ಒಂದೂ ಕೈಕೊಟ್ಟಿರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಮೇನ್ ಹಾಕಿ ಮಗಳ ಬಳಿ ಹೋದ.

"ಎಲ್ಲಾ ಪಕ್ಕಾ ಅದಾವ. ನೀ ಏನೂ ಕಾಳಜಿ ಮಾಡಬ್ಯಾಡ."

ಅನುರಾಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾ ಲೈಟಿನ ಕಾಳಜಿ ಮಾಡಾಕತ್ತಿಲ್ಲಪ್ಪಾ."

ನಾಳೆ ಎಂದಿದ್ದ ನೋವು ಸಂಜೆಗೇ ಜೋರಾಯಿತು. ಕೆಳಗೆ ಕರೆತರಲು ಡಾಕ್ಟರ್ ಕೂಗಿದರು. ಮಗಳು ಅವನ ಹೆಗಲು ಹಿಡಿದು ಮೊದಲ ಮೆಟ್ಟಿಲಿಗೆ ಬರುವಷ್ಟರಲ್ಲಿ ಹೊರಗೆ ಗಾಳಿ ಎದ್ದು ಕರೆಂಟ್ ಹೋಯಿತು. ಕಲ್ಯಾಣಪ್ಪ ಅಭ್ಯಾಸಬಲದಿಂದ ಗೋಡೆಯತ್ತ ಕತ್ತೆತ್ತಿದ. ಡಬ್ಬಿಯ ದೀಪ ಹತ್ತಿತು, ನಡುಗಿತು, ಆರಿತು. ತಾನು ಮಾಡಿದ್ದೇನೆಂದು ಅವನಿಗೆ ಆಗ ಹೊಳೆಯಿತು.

ಮೊಬೈಲ್ ತೆಗೆದು ಬೆಳಕು ಬಿಟ್ಟ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಮೆಟ್ಟಿಲುಗಳೆಲ್ಲ ಕುಣಿಯತೊಡಗಿದವು. ಅನುರಾಧಾ ಗೋಡೆಗೆ ಒರಗಿ ನಿಂತುಬಿಟ್ಟಳು. "ಕಾಲಿಡೋದು ಎಲ್ಲಿ ಅಂತ ತಿಳಿವಲ್ದಪ್ಪಾ."

ಆಗ ಕೆಳಗಿನಿಂದ ಪರಾತ ಹಿಡಿದು ಗಂಗಾಬಾಯಿ ಬಂದಳು. ಬೈಯಲಿಲ್ಲ, ಹಂಗಿಸಲಿಲ್ಲ. ಬಗ್ಗಿ ಒಂದೊಂದು ಮೆಟ್ಟಿಲ ಅಂಚಿಗೂ ಒಂದೊಂದು ಪಣತಿ ಇಡುತ್ತ ಮೇಲೆ ಬಂದು, ಅನುರಾಧಾಳ ಇನ್ನೊಂದು ತೋಳು ಹಿಡಿದಳು. ಮೆಟ್ಟಿಲುಗಳು ತಮ್ಮ ಜಾಗದಲ್ಲಿ ನಿಂತವು. ಮೂವರೂ ಇಳಿಯತೊಡಗಿದರು.

ತಿರುವಿನಲ್ಲಿ ನೋವು ತಡೆದು ನಿಂತಾಗ ಮಗಳು ಕೇಳಿದಳು. "ಅಪ್ಪಾ, ಎಲ್ಲಾ ಪಕ್ಕಾ ಅದಾವ ಅಂದಿದ್ದಿ. ಏನಾದವು ನಿನ್ನ ಲೈಟ್?"

ಕಲ್ಯಾಣಪ್ಪ ಆರಿದ ಡಬ್ಬಿಯತ್ತ ನೋಡಿದ. "ನಿನ್ನ ಕಾಳಜಿಗೇ ಎಲ್ಲಾ ಖರ್ಚು ಮಾಡಿಬಿಟ್ನಿ, ಮಗಳ."

ಕರೆಂಟ್ ಬರುವ ಮೊದಲೇ ಇನ್ವರ್ಟರ್ ಬೆಳಕಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಹೊರಗೆ ಬೆಂಚಿನ ಮೇಲೆ ಅವನು ಮುಖ ಮುಚ್ಚಿಕೊಂಡು ಅತ್ತ. ಗಂಗಾಬಾಯಿ ಪಕ್ಕದಲ್ಲಿ ಕುಳಿತು ಬತ್ತಿ ಸರಿಮಾಡುತ್ತಿದ್ದಳು.

ಮುಂದಿನ ಅಮವಾಸ್ಯೆಗೂ ಅವನು ಬಂದ, ಒಂದು ಕೈಯಲ್ಲಿ ಟೆಸ್ಟರ್, ಇನ್ನೊಂದರಲ್ಲಿ ಎಣ್ಣೆಯ ಬಾಟಲಿ. ಅರ್ಧ ದೀಪಗಳನ್ನಷ್ಟೇ ಪರೀಕ್ಷೆಗೆ ಆಯ್ದುಕೊಂಡು ಮೇನ್ ಮೇಲೆ ಕೈಯಿಟ್ಟ. ತೆಗೆಯಲಿಲ್ಲ.

"ಗಂಗಕ್ಕ, ಹಚ್ಚಿದೇನು?"

"ಹಚ್ಚಾಕತ್ತೇನಿ, ತಡಿ."

ಕಟ್ಟಕಡೆಯ ಪಣತಿ ಹತ್ತುವವರೆಗೆ ಕಾದು, ಆಮೇಲೆ ಕಲ್ಯಾಣಪ್ಪ ಮೇನ್ ತೆಗೆದ.